ಆಂಟಿಯ ನೆರಿಗೆ, ನನ್ನ ಚಡ್ಡಿ

ನನಗೆ ಸೀರೆ ಉಡಿಸಲು ಬರುತ್ತದೆ. ಟೆಲಿಕಾಂ ಎಂಜಿನಿಯರೊಬ್ಬ ಇದನ್ನು ತನ್ನ ರೆಸ್ಯೂಮೆಯಲ್ಲಿ ಬರೆಯುವಂತಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ದಾವಣಗೆರೆಯಲ್ಲಿ ನಮ್ಮದು ಸೀರೆ ಅಂಗಡಿ. ಷೋಕೇಸಿನ ಬೊಂಬೆಗಳಿಗೆ ವಾರಕ್ಕೊಮ್ಮೆ ಸೀರೆ ಬದಲಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಬೊಂಬೆಗಳಷ್ಟು ಒಳ್ಳೆಯ ಗಿರಾಕಿಗಳಿಲ್ಲ. ಉಸಿರಾಡುವುದಿಲ್ಲ, ಕನ್ನಡಿ ನೋಡಿ ಮುಖ ಸಿಂಡರಿಸುವುದಿಲ್ಲ, ಮುಖ್ಯವಾಗಿ ನಡೆಯುವುದಿಲ್ಲ. ಹೀಗೆ ಬೆಳೆದ ನನ್ನ ಆತ್ಮವಿಶ್ವಾಸ, ಮದುವೆಯಾದ ಮೊದಲ ವಾರವೇ ಹೆಂಡತಿ ವಸುಧಾಳ ಕೈಯಲ್ಲಿ ಪೆಟ್ಟು ತಿಂದರೂ ಪೂರ್ತಿ ಸಾಯಲಿಲ್ಲ.

ಸುಹಾಸ್, ನಾವಿರುವ ಅಮೆರಿಕದ ಸ್ಯಾನ್ ಡಿಯಾಗೋದಲ್ಲೇ ಪಿಎಚ್‌ಡಿ ಮಾಡುತ್ತಿದ್ದ ಹುಬ್ಬಳ್ಳಿಯವನು. ಕಾರಿಲ್ಲದ್ದರಿಂದ ಶನಿವಾರಗಳಂದು ನಮ್ಮ ಜೊತೆ ಮೀರಾ ಮೆಸಾದ ಇಂಡಿಯನ್ ಅಂಗಡಿಗೆ ಬರುತ್ತಿದ್ದ. 2015ರ ಒಂದು ಶನಿವಾರ ಮೆಂತ್ಯ ಸೊಪ್ಪಿನ ಮುಂದೆ ನಿಂತು ಮೆಲ್ಲಗೆ, “ಅಣ್ಣಾರ, ನಿಮಗ ಸೀರಿ ಉಡಸಾಕ ಬರ್ತೈತಂತ ವೈನಿ ಹೇಳಿದ್ರು” ಎಂದ.

“ಬರುತ್ತಪ್ಪ. ಯಾರಿಗೆ ಉಡಿಸ್ಬೇಕು?”

“ನನಗರೀ.”

ಆಮೇಲೆ ಸೊಪ್ಪಿನ ಕಟ್ಟನ್ನೇ ನೋಡುತ್ತ ಉಳಿದದ್ದನ್ನೂ ಹೇಳಿದ. ಅವನ ಮನಸ್ಸು ಒಲಿಯುವುದು ಗಂಡಸರಿಗೇ. ತನ್ನಂಥವರು ಲಾಸ್ ಏಂಜಲೀಸಿನಲ್ಲಿ ನಡೆಸುವ ‘ಬಾಲ್’ ಎಂಬ ಸ್ಪರ್ಧೆಗೆ ಹೋಗುತ್ತಾನೆ. ಅಲ್ಲಿ ವೇಷ ತೊಟ್ಟು ನಡೆದು ತೋರಿಸಬೇಕು. ಅಲ್ಲಿ ಅವನ ಹೆಸರು ಸುಹಾಸಿನಿ. ಹೋದ ಸಲ ವಿಡಿಯೋ ನೋಡಿ ಉಟ್ಟ ಸೀರೆ ನಾಲ್ಕನೇ ಹೆಜ್ಜೆಗೇ ಬಿಚ್ಚಿಹೋಯಿತು. ಈ ಸಲವೂ ಹಾಗಾದರೆ ಇನ್ನು ಆ ಕಡೆ ತಲೆ ಹಾಕುವುದಿಲ್ಲ. ಇದನ್ನೆಲ್ಲ ಅವನು ಇಲ್ಲಿಯ ಕನ್ನಡದವರಲ್ಲಿ ಯಾರಿಗೂ ಹೇಳಿರಲಿಲ್ಲ.

ಇಂಥ ಹೊತ್ತಿನಲ್ಲಿ ವಯಸ್ಸಿನಲ್ಲಿ ಹಿರಿಯನಾದವನು ತೂಕದ ಮಾತೊಂದನ್ನು ಆಡಬೇಕು. ನಾನು, “ಕಾಟನ್ನೋ ಸಿಲ್ಕೋ?” ಎಂದೆ. ಸುಹಾಸ್ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದ. ಅಂಗಡಿಯ ಗುಜರಾತಿ ಆಂಟಿ ಓಡಿ ಬಂದು, ಸೊಪ್ಪು ಇವತ್ತೇ ಬಂದದ್ದು, ಬಾಡಿಲ್ಲ ಎಂದು ಸಮಾಧಾನ ಮಾಡಿದರು.

ಬಾಲ್ ಇದ್ದದ್ದು ಒಂದು ಭಾನುವಾರ ಮಧ್ಯಾಹ್ನ. ವಸುಧಾ ನಲವತ್ತು ಸೇಫ್ಟಿ ಪಿನ್ನು ಕೊಟ್ಟು, “ಒಂದನ್ನೂ ಉಳಿಸ್ಕೊಂಡು ಬರ್ಬೇಡಿ” ಎಂದು ಕಳಿಸಿದಳು. ಫ್ರೀವೇಯಲ್ಲಿ ಟ್ರಾಫಿಕ್ಕು ನಿಂತಾಗ ಸುಹಾಸ್ ನನಗೆ ಪಾಠ ಮಾಡಿದ. ಈ ಬಾಲ್‌ಗಳನ್ನು ಕಟ್ಟಿ ಬೆಳೆಸಿದವರು ಕಪ್ಪು ಜನ, ಲ್ಯಾಟಿನೋ ಜನ. ಅಲ್ಲಿ ಒಬ್ಬೊಬ್ಬರೂ ಒಂದೊಂದು ‘ಹೌಸ್’ಗೆ ಸೇರಿದವರು, ಒಂದೊಂದು ಹೌಸಿಗೂ ಒಬ್ಬರು ‘ಮದರ್’.

“ನಮ್ಮ ಘರಾಣಾ ಇದ್ದಂಗ್ರೀ ಅಣ್ಣಾರ. ಹುಟ್ಟಿದ ಮನಿ ಅಲ್ಲ, ಸೇರಿದ ಮನಿ.”

ಸಂಗೀತದ ಬಗ್ಗೆ ನನಗೂ ಗೊತ್ತು ಎಂದು ತೋರಿಸಲು, “ಹಾಗಾದ್ರೆ ಗುರುಗಳು ಬೈತಾರೆ ಅನ್ನು” ಎಂದೆ.

“ಬಾಳ ಬೈತಾರ್ರೀ. ಮನಿಯಿಂದ ಹೊರಗ ಹಾಕಿಸ್ಕೊಂಡು ಬಂದವರಿಗೆ ಮಲಗಾಕ ತಮ್ಮ ಸೋಫಾನೂ ಬಿಟ್ಟುಕೊಡ್ತಾರ.”

ಘರಾಣೆಗಳ ಮೇಲೆ ನಾನು ಸಿದ್ಧಮಾಡಿಕೊಂಡಿದ್ದ ಉಪನ್ಯಾಸ ಅಲ್ಲಿಗೇ ನಿಂತಿತು.

ಸುಹಾಸ್ ಸೇರಿದ್ದ ಹೌಸಿನ ಮದರ್ ಓಪಲ್, ಆರಡಿ ಎತ್ತರದ ಆಫ್ರಿಕನ್-ಅಮೆರಿಕನ್ ಮಹಿಳೆ. ವಾರವೆಲ್ಲ ಬರ್ಬ್ಯಾಂಕಿನ ಸ್ಟುಡಿಯೋ ಒಂದರಲ್ಲಿ ನಟರ ಬಟ್ಟೆ ನೋಡಿಕೊಳ್ಳುವವರು. ಹಾಲ್‌ನ ಬಾಗಿಲಲ್ಲೇ ನನ್ನನ್ನು ತಡೆದು, ಯಾರು ನೀವು ಎಂದರು. ಸೀರೆಯವನು ಎಂದು ಹೇಳಹೋಗಿ ನಾನು ಗಾಬರಿಯಲ್ಲಿ, “ಐ ಯಾಮ್ ಸಾರಿ” ಎಂದೆ. ಅವರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು.

ಆ ದಿನದ ವಿಭಾಗ: ಮದುವೆಗೆ ಬಂದ ಶ್ರೀಮಂತ ಆಂಟಿ. ಐದು ಜನ ತೀರ್ಪುಗಾರರು. ಮೆಚ್ಚಿದರೆ ಹತ್ತು ಎಂದು ಬರೆದ ಕಾರ್ಡು ಎತ್ತುತ್ತಾರೆ. ಒಬ್ಬರು ಕೈ ಅಡ್ಡ ಇಟ್ಟರೂ ‘ಚಾಪ್’, ಅಂದರೆ ಮನೆಗೆ. ಸುಹಾಸಿನಿ ಇಳಕಲ್ ಸೀರೆಯಲ್ಲಿ ಹೊರಟಳು. ನಾಲ್ಕನೇ ಹೆಜ್ಜೆ ದಾಟಿತು. ನಾನು ಉಸಿರು ಬಿಟ್ಟೆ. ಅವಳು ಮುಂದಿನ ಸಾಲಿನವರ ಒಡವೆಗಳನ್ನು ಓರೆಗಣ್ಣಿನಲ್ಲಿ ಅಳೆದಳು, ವ್ಯಾನಿಟಿ ಬ್ಯಾಗನ್ನು ಕಂಕುಳಿಗೆ ಒತ್ತಿಕೊಂಡಳು, ತೀರ್ಪುಗಾರರ ಮುಂದೆ ನಿಂತು, “ಊಟ ಆತೇನ್ರೀ?” ಎಂದು ಕೇಳಿದಳು. ಅರ್ಥವಾಗದಿದ್ದರೂ ಇಡೀ ಹಾಲ್ ಚಪ್ಪಾಳೆ ತಟ್ಟಿತು. ಆಗಲೇ ಸೊಂಟದ ಪಿನ್ನೊಂದು ಹಾರಿ, ಮೇಲಿನ ನೆರಿಗೆ ಜಾರತೊಡಗಿತು.

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಕುರ್ಚಿಯಲ್ಲೇ ಇರುತ್ತಿದ್ದೆ. ನೇರ ವೇದಿಕೆಗೆ ನುಗ್ಗಿ, ಮಂಡಿಯೂರಿ, ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡು ನೆರಿಗೆ ಜೋಡಿಸಿ ಸಿಕ್ಕಿಸಿದೆ. ಸುಹಾಸಿನಿ ನನ್ನತ್ತ ಕಣ್ಣೂ ಹಾಯಿಸದೆ, ಮನೆಯಾಳು ಕೆಲಸ ಮುಗಿಸಲಿ ಎಂಬಂತೆ ಬಳೆ ಸರಿಮಾಡಿಕೊಂಡು ನಿಂತಿದ್ದಳು. ಆಮೇಲೆ ಎರಡು ಸುತ್ತು ತಿರುಗಿ, ಹಿಂದಕ್ಕೆ ಬಾಗಿ, ಬೇಕೆಂದೇ ಬೆನ್ನಿನ ಮೇಲೆ ನೆಲಕ್ಕೆ ಬಿದ್ದಳು; ಅದು ಬಾಲ್‌ನ ಒಂದು ವರಸೆ. ಎದ್ದಾಗ ಒಂದು ನೆರಿಗೆಯೂ ಅಲುಗಿರಲಿಲ್ಲ. ಐದು ಹತ್ತುಗಳು ಮೇಲೆದ್ದವು.

“ಮತ್ತೆ ಈ ಅಂಕಲ್?” ಎಂದರು ಮೈಕಿನವರು. ತೀರ್ಪುಗಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಂಪನಿಯ ಟೀ ಶರ್ಟು, ಮೊಣಕಾಲಿನ ಚಡ್ಡಿ. ಒಬ್ಬರು, “ಚಡ್ಡಿಗೆ ಆರು ಜೇಬು. ಯಾತಕ್ಕೆ?” ಎಂದು ಕೇಳಿದರು. ಹತ್ತು ವರ್ಷದಿಂದ ಅಂಥದ್ದನ್ನೇ ತೊಡುತ್ತಿದ್ದ ನಾನು ಮೊದಲ ಬಾರಿಗೆ ಜೇಬುಗಳನ್ನು ಎಣಿಸಿದೆ. ಆರೇ ಇದ್ದವು. ಐದೂ ಜನ ಕೈ ಅಡ್ಡ ಇಟ್ಟರು.

ಕೊನೆಯ ಸುತ್ತಿನಲ್ಲಿ ಸುಹಾಸಿನಿ ಫಿಲಿಪೀನೋ ಆಂಟಿಯೊಬ್ಬಳಿಗೆ ಸೋತಳು. ಆಕೆ ಬ್ಯಾಗಿನಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದು, ತೀರ್ಪುಗಾರರ ಮೇಜಿನ ಮೇಲಿದ್ದ ತಿಂಡಿಯನ್ನು ಅವರ ಕಣ್ಣೆದುರೇ ತುಂಬಿಕೊಂಡಳು. ಅದರ ಮುಂದೆ ಯಾವ ಇಳಕಲ್ಲೂ ನಿಲ್ಲದು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಸುಹಾಸಿನಿಯೇ. “ಮುಂದಿನ ಸಲ ನಾನೂ ಡಬ್ಬಿ ತರತೇನ್ರೀ ಅಣ್ಣಾರ” ಎಂದಳು. ಮುಂದಿನ ಸಲ ಎಂಬ ಮಾತು ಅವಳ ಬಾಯಲ್ಲಿ ಕೇಳಿದ್ದೇ ನನಗೆ ಸಾಕಾಗಿತ್ತು.

ಸೋತವನ ಮರ್ಯಾದೆಗೆ ತಕ್ಕಂತೆ ನಾನು ಪಿನ್ನಿನ ಡಬ್ಬಿ ಹಿಡಿದು ಬಾಗಿಲ ಕಡೆ ಸರಿಯುತ್ತಿದ್ದೆ. ಮದರ್ ಓಪಲ್ ಭುಜ ಹಿಡಿದು ನಿಲ್ಲಿಸಿದರು. “ಎಲ್ಲಿಗೆ? ನಿಮ್ಮನ್ನ ಸ್ಪರ್ಧೆಯಿಂದ ತೆಗೆದಿದ್ದು, ಮನೆಯಿಂದಲ್ಲ” ಎಂದು ಕೈಗೊಂದು ತಟ್ಟೆ ಕೊಟ್ಟು, ಅನ್ನ, ಹುರುಳಿಕಾಯಿ, ಜೋಳದ ರೊಟ್ಟಿಯಂಥದ್ದೊಂದನ್ನು ತಾವೇ ಬಡಿಸಿದರು.

ನನ್ನನ್ನು ಬೇಡವೆಂದವರು ಬಹಳ ಜನ. ಇಂಟರ್‌ವ್ಯೂಗಳಲ್ಲಿ, ವೀಸಾ ಕಿಟಕಿಗಳಲ್ಲಿ, ಕನ್ನಡ ಸಂಘದ ನಾಟಕದಲ್ಲಿ. ಬೇಡವೆಂದ ಮೇಲೆ ಊಟಕ್ಕೆ ಕೂರಿಸಿದವರು ಇವರೊಬ್ಬರೇ. ನಾನು ಎರಡನೇ ಸಲವೂ ಬಡಿಸಿಕೊಂಡೆ.