ಬರಗಾಲದ ಸಾಹೇಬರು ಮತ್ತು ಮೂರನೇ ಸಾಲು

ಒಣಗುತ್ತಿರುವ ಗಿಡದ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಾಡಿದ ಎಲೆ ಎಣಿಸಿ ಬರೆದುಕೊಳ್ಳುವ ಮನುಷ್ಯನನ್ನು ನಾನು ನೋಡಿದ್ದೇನೆ. ಯಾರಾದರೂ ಕನಿಕರಪಟ್ಟು ಕೊಡ ತಂದರೆ ಅವರು ಛತ್ರಿ ಅಡ್ಡ ಹಿಡಿದು, “ಒಂದ ಹನಿ ಬೀಳಬಾರದ್ರಿ” ಎನ್ನುತ್ತಿದ್ದರು. ಫಾರೆಸ್ಟರ್ ಕಾಂಬಳೆಯವರಿಗೆ ಸವದತ್ತಿಯ ಚಹಾದಂಗಡಿಯವರು ಇಟ್ಟ ಹೆಸರು ಬರಗಾಲದ ಸಾಹೇಬ್ರು. ಹೆಸರು ಅವರ ಕಿವಿಗೂ ಬಿದ್ದಿತ್ತು. “ಬರಗಾಲ ಅಂದ್ರ ನಮ್ಮ ಗುಡ್ಡದ ಹೆಡ್‌ಮಾಸ್ತರ. ಯಾರು ಪಾಸು, ಯಾರು ನಪಾಸು ಅವನ ಹೇಳ್ತಾನ” ಎಂದು ನಗುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಅರಣ್ಯ ಇಲಾಖೆಯ ಸಸಿಮಡಿಯ ಕಾವಲುಗಾರ. ಊರ ಹೊರಗಿನ ಬೋಳು ಗುಡ್ಡಕ್ಕೆಲ್ಲ ನೀಲಗಿರಿ ಹಚ್ಚಬೇಕಿತ್ತು. ನೀರು ಹಾಕದೆಯೂ ಬದುಕುವ ಬೀಜ ಯಾವುದು ಎಂದು ತಿಳಿಯಲು ಸಾಹೇಬರು ನಾಲ್ಕು ಕಡೆಯ ಬೀಜ ತರಿಸಿ, ಸಸಿ ಮಾಡಿ, ಗುಡ್ಡದ ಬುಡದಲ್ಲಿ ನಾಲ್ಕು ಸಾಲು ನೆಡಿಸಿದ್ದರು. ತಗಡಿನ ಪಟ್ಟಿಯ ಮೇಲೆ ಬರೀ ನಂಬರು. ಯಾವ ಸಾಲಿನ ಬೀಜ ಯಾವ ಊರಿನದು ಎಂದು ನನಗೆ ಹೇಳಲಿಲ್ಲ. “ಹೆಸರು ಗೊತ್ತಾದ್ರ ಮನಸು ವಾಲತೈತಿ ಶಿವಪ್ಪಾ. ಕಣ್ಣಿಗೆ ಕಂಡದ್ದಷ್ಟ ಹೇಳು” ಎಂದರು.

ವಾರಕ್ಕೊಮ್ಮೆ ಕ್ಯಾಲಿಪರ್ ಹಿಡಿದು ಕಾಂಡದ ದಪ್ಪ ಅಳೆಯುವರು. ಅದಕ್ಕೂ ಮೊದಲು ಜೇಬಿನಿಂದ ಒಂದು ಮೊಳೆ ತೆಗೆದು ಅದನ್ನು ಅಳೆಯಬೇಕು. ಯಾಕೆಂದು ಕೇಳಿದ್ದಕ್ಕೆ, “ಮೊಳಿ ನಿನ್ನೆಗಿಂತ ದಪ್ಪ ಆಗೇತಿ ಅಂದ್ರ ಕ್ಯಾಲಿಪರ್ ಕೆಟ್ಟೈತಿ. ಮೊಳಿ ಏನ್ ಹಬ್ಬದೂಟಾ ಉಣ್ಣೂದಿಲ್ಲಲ್ಲ” ಎಂದಿದ್ದರು. ಸಸಿಮಡಿಯ ಚೀಲದಲ್ಲಿ ಎತ್ತರ ಬೆಳೆದ ಸಸಿಯನ್ನು ಯಾರಾದರೂ ಹೊಗಳಿದರೆ ಅವರಿಗೆ ಸಿಟ್ಟು. ಅಂಥದ್ದನ್ನೇ ಕಿತ್ತು ಚೀಲ ಹರಿದು, ಒಳಗೆ ಸುರುಳಿ ಸುತ್ತಿದ ಬೇರು ತೋರಿಸುವರು. “ಎಲಿ ಸುಳ್ಳ ಹೇಳತಾವು, ಬೇರ ಹೇಳೂದಿಲ್ಲ.”

ಬೇಸಿಗೆ ಬಂತು. ಮೂರನೇ ಸಾಲು ಮೊದಲು ತಲೆ ಬಾಗಿಸಿತು. ಮಳೆಗಾಲದಲ್ಲಿ ಎಲ್ಲಕ್ಕಿಂತ ಚೆಲುವಾಗಿ ಎದ್ದ ಸಾಲು ಅದು. ಚೀಲಕ್ಕೆ ಮಣ್ಣು ತುಂಬಿ, ನೆರಳು ಕಟ್ಟಿ ಬೆಳೆಸಿದವನು ನಾನು. ಕರುಳು ತಡೆಯಲಿಲ್ಲ. ಸಾಹೇಬರು ರಾಮದುರ್ಗಕ್ಕೆ ಮನೆಗೆ ಹೋದ ದಿನಗಳಲ್ಲಿ ಸಸಿಮಡಿಯ ತೊಟ್ಟಿಯಿಂದ ನೀರು ಹೊತ್ತು ಮೂರನೇ ಸಾಲಿಗೆ ಹಾಕಿದೆ. ಹಸಿ ಕಾಣದಂತೆ ಮೇಲೆ ಒಣಮಣ್ಣು ಎಳೆದೆ. ಪುಣ್ಯದ ಕೆಲಸ ಎಂದೇ ತಿಳಿದಿದ್ದೆ.

ಸಾಲು ಚೇತರಿಸಿಕೊಂಡಿತು. ಸಾಹೇಬರಿಗೆ ಸಂತೋಷವೋ ಸಂತೋಷ. ಒಂದು ಬೆಳಿಗ್ಗೆ ಮೇಲಿನ ಕಚೇರಿಗೆ ಪತ್ರ ಬರೆದು ನನ್ನ ಮುಂದೆ ಓದಿದರು: ಗುಡ್ಡಕ್ಕೆಲ್ಲ ಮೂರನೇ ನಂಬರಿನ ಬೀಜವೇ ತಕ್ಕದ್ದು. ಅಷ್ಟು ದೊಡ್ಡ ಗುಡ್ಡಕ್ಕೆ ಯಾರು ಕೊಡ ಹೊರುತ್ತಾರೆ? ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಗುಡ್ಡ ಹೋಗುತ್ತದೆ.

“ಸಾಹೇಬ್ರ, ಆ ಸಾಲು ಬದುಕಿದ್ದು ನನ್ನ ಕೊಡದಿಂದ್ರಿ” ಎಂದೆ.

ಅವರು ಪತ್ರ ಕೆಳಗಿಟ್ಟರು. “ಎಷ್ಟ ಸಲ ಹಾಕಿದಿ?”

“ಲೆಕ್ಕಾ ಇಟ್ಟಿಲ್ರಿ.”

“ಅದನ್ನಾದ್ರೂ ಇಡಬೇಕಿತ್ತಲ್ಲೋ!” ಎಂದು ಹಣೆ ಬಡಿದುಕೊಂಡರು. ಪತ್ರ ಹರಿದರು. ರಿಜಿಸ್ಟರ್ ತೆಗೆದು, ‘ಮೂರನೇ ಸಾಲಿಗೆ ನೀರು ಬಿದ್ದಿದೆ. ಪ್ರಯೋಗ ಕೆಟ್ಟಿದೆ. ಹೊಣೆ ನನ್ನದು’ ಎಂದು ಬರೆದು ಸಹಿ ಮಾಡಿದರು. ನನ್ನ ಹೆಸರು ಅದರಲ್ಲಿ ಇರಲಿಲ್ಲ. ಮೇಲಿನಿಂದ ಕಾರಣ ಕೇಳಿ ಕಾಗದ ಬಂತು. ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಆ ಬಗ್ಗೆ ಅವರು ಒಮ್ಮೆಯೂ ಮಾತೆತ್ತಲಿಲ್ಲ. ಮಳೆ ಬಿದ್ದ ಕೂಡಲೇ ಅದೇ ನಂಬರಿನ ಬೀಜಗಳಿಂದ ಹೊಸದಾಗಿ ನಾಲ್ಕು ಸಾಲು ನೆಡಿಸಿದರು, ಕಾವಲಿಗೆ ನನ್ನನ್ನೇ ಇಟ್ಟರು.

ಮುಂದಿನ ಬೇಸಿಗೆಗೆ ಮೊದಲೇ ಅವರಿಗೆ ದೂರದ ಊರಿಗೆ ವರ್ಗವಾಯಿತು. ಸಾಲುಗಳ ಜತೆ ನಾನೊಬ್ಬನೇ ಉಳಿದೆ. ಮೂರನೇ ಸಾಲು ಕಣ್ಣೆದುರೇ ಒಣಗಿತು. ಬಾಡಿದ ಎಲೆ ಎಣಿಸಿ ಬರೆದೆ, ಅಳುತ್ತಲೇ ಬರೆದೆ. ಉಳಿದದ್ದು ಎರಡನೆಯದು. ಗಿಡ್ಡ, ಸೊಟ್ಟ, ಯಾರೂ ತಿರುಗಿ ನೋಡದ ಸಾಲು. ಆ ಬೀಜವನ್ನೇ ಗುಡ್ಡಕ್ಕೆ ಹಚ್ಚುವುದೆಂದು ಮೇಲಿನ ಕಚೇರಿಯಲ್ಲಿ ನಿರ್ಧಾರವಾಯಿತು.

ಸಾಹೇಬರು ರಜೆಯ ಮೇಲೆ ಊರಿಗೆ ಬಂದಿದ್ದಾರೆಂದು ತಿಳಿದು, ರಿಜಿಸ್ಟರ್ ಹಿಡಿದು ರಾಮದುರ್ಗದ ಬಸ್ಸು ಹತ್ತಿದೆ. ಬುದ್ಧನ ಪಟದ ಕೆಳಗೆ ಕೂತು ಅವರು ಪ್ರತಿ ಪುಟವನ್ನೂ ಬೆರಳಿಟ್ಟು ಓದಿದರು. ಮುಖ ಸೊರಗಿತ್ತು. ತಡೆಯಲಾರದೆ ಕೇಳಿದೆ: “ಸಾಯೂ ಗಿಡಾ ನೋಡಿ ನಿಮಗ ಕನಿಕರ ಬರತಿದ್ದಿಲ್ಲೇನ್ರಿ?”

“ನಮ್ಮವ್ವ ಊರ ಬಾವಿ ಹತ್ತೂ ಹಂಗಿರಲಿಲ್ಲ ಶಿವಪ್ಪಾ. ಯಾರಾರ ಬಂದು ಕೊಡದಾಗ ಸುರುವಲಿ ಅಂತ ಬಿಸಲಾಗ ನಿಂತಿರತಿದ್ಲು. ಇನ್ನೊಬ್ಬರ ಕೈ ಕಾಯೂ ಜೀವಾ ಎಂಥಾದ್ದು ಅಂತ ನೋಡೇನಿ. ನಾ ಹಚ್ಚಿದ ಗಿಡಾ ಯಾರ ಕೈನೂ ಕಾಯಬಾರದು.”

ಅವರ ಹೆಂಡತಿ ಬಾಗಿಲಲ್ಲಿ ಬಂದು ನಿಂತರು. ಸಾಹೇಬರು ಮೆಲ್ಲಗೆ, “ನೀರು ಕುಡೀತೀಯೇನು?” ಎಂದು ಕೇಳಿದರು. ನಮ್ಮ ಕಡೆ ಬಂದವರಿಗೆ ನೀರು ಕೇಳಿ ಕೊಡುವುದಿಲ್ಲ, ತಂದು ಮುಂದೆ ಇಡುತ್ತಾರೆ. ಅವರು ಯಾಕೆ ಕೇಳಿದರೆಂದು ನನಗೆ ಗೊತ್ತಿತ್ತು. ಅಷ್ಟು ದಿನ ಜತೆಗೆ ದುಡಿದರೂ ಅವರ ಜಾತಿ ನೆನೆದು ನಾನು ಅವರು ಗುಡ್ಡಕ್ಕೆ ತರುತ್ತಿದ್ದ ಮಣ್ಣಿನ ತತ್ರಾಣಿಯ ನೀರು ಮುಟ್ಟಿರಲಿಲ್ಲ. ಮನೆಯಲ್ಲಿ ಹಾಗೆ ಕಲಿಸಿದ್ದರು, ನಾನೂ ಕಲಿತಿದ್ದೆ. ಗಿಡಕ್ಕೆ ಕದ್ದು ನೀರು ಹಾಕಿದ ನನ್ನ ಕರುಣೆ ಆ ಗಳಿಗೆಯಲ್ಲಿ ನನಗೇ ಹೇಸಿಗೆ ಎನಿಸಿತು.

“ತರ್ರಿ ವೈನಿ” ಎಂದೆ. ಚೊಂಬೆತ್ತಿ ಪೂರಾ ಕುಡಿದೆ. ಸಾಹೇಬರು ಅಷ್ಟೊತ್ತೂ ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಅವರ ಮನೆಯಲ್ಲಿ ನಾನು ನೀರು ಕುಡಿದದ್ದು ಅದೊಂದೇ ಸಲ.