ಐದನೇತ್ತಕ್ಕೊಂದು ಸಾಲಿ

ಬೆಟಗೇರಿಗೆ ಬಂದ ಮೊದಲ ವಾರ, ಒಂದು ಬೆಳಿಗ್ಗೆ ಓಣಿಯ ತುಂಬ ಕೂಗಾಟ, ಓಡಾಟ. ಎಲ್ಲೋ ಬೆಂಕಿ ಬಿದ್ದಿರಬೇಕೆಂದು ಮಗಳ ಕೈ ಹಿಡಿದು ಹೊರಗೆ ಓಡಿದೆ. ನೋಡಿದರೆ ನಲ್ಲಿಯಲ್ಲಿ ನೀರು ಬಂದಿತ್ತು, ಅಷ್ಟೇ. ಇಲ್ಲಿ ನಲ್ಲಿಗೆ ನಳ ಎನ್ನುತ್ತಾರೆ. ನಳ ಬಂದ ದಿನ ಕೊಡ, ಬಕೆಟ್ಟು, ಕೊನೆಗೆ ಚಹಾದ ಪಾತ್ರೆಯನ್ನೂ ತುಂಬಿಟ್ಟುಕೊಳ್ಳಬೇಕು. ಕುಂದಾಪುರದ ಬಾವಿಕಟ್ಟೆಯಲ್ಲಿ ಬೆಳೆದ ನಾನು ಪೆಚ್ಚಾಗಿ ನಿಂತಿದ್ದೆ.

ಬೆಟಗೇರಿಗೆ ಅಂಟಿಕೊಂಡೇ ಇರುವ ಗದಗ ಆಗ ಹೊಸದಾಗಿ ಜಿಲ್ಲೆಯಾಗಿತ್ತು. ಹೊಸ ಕಚೇರಿಗೆ ನನ್ನ ಯಜಮಾನರಿಗೆ ವರ್ಗವಾಯಿತು. ಕುಚ್ಚಲಕ್ಕಿ ಗಂಜಿಯ ನಾಲಿಗೆಗೆ ಜೋಳದ ರೊಟ್ಟಿ ಒಗ್ಗಲಿಲ್ಲ, ಕೈಗಂತೂ ಮೊದಲೇ ಇಲ್ಲ. ಪಕ್ಕದ ಮನೆಯ ಹಸೀನಾ ಬಟ್ಟೆ ಹೊಲಿಯುವಾಕೆ. ರೊಟ್ಟಿ ಬಡಿಯಲು ಕಲಿಸಿದ್ದು ಅವಳೇ. ನನ್ನ ಮೊದಲ ರೊಟ್ಟಿ ನೋಡಿ, "ನಿಮ್ಮ ಊರಿನ ನಕಾಶಿ ತೆಗದೀರೇನ್ರಿ?" ಎಂದು ನಕ್ಕಳು.

ನಿಜವಾದ ಚಿಂತೆ ಮಗಳು ಸುಧಾಳದು. ಐದನೇತ್ತ, ಅಂದರೆ ಐದನೇ ತರಗತಿಗೆ ಸೇರಿಸಬೇಕಿತ್ತು. ಓಣಿಯ ಸರ್ಕಾರಿ ಶಾಲೆ ನಾಲ್ಕಕ್ಕೇ ಮುಗಿಯುತ್ತಿತ್ತು. ಖಾಸಗಿ ಶಾಲೆ ನಮ್ಮ ಕೈಗೆಟುಕುವಂಥದ್ದಲ್ಲ. ನಡೆದು ಹೋಗುವಷ್ಟು ದೂರದಲ್ಲಿ ಎರಡಿದ್ದವು: ಒಂದು ಉರ್ದು ಶಾಲೆ, ಇನ್ನೊಂದು ಹೆಣ್ಣುಮಕ್ಕಳ ಕನ್ನಡ ಶಾಲೆ. ಅದೂ ಸರಿಯಿಲ್ಲದಿದ್ದರೆ ನಾನು ಮಗಳನ್ನು ಕರೆದುಕೊಂಡು ತವರಿಗೆ ಹೋಗುವುದು, ಯಜಮಾನರು ಒಬ್ಬರೇ ಇಲ್ಲಿರುವುದು ಎಂದು ಮಾತಾಗಿತ್ತು.

ಆ ಕನ್ನಡ ಶಾಲೆ ನೋಡಲು ಹೋದೆ. ದೊಡ್ಡ ಕೋಣೆಯಲ್ಲಿ ಬೆರಳೆಣಿಕೆಯ ಹುಡುಗಿಯರು. ಮಕ್ಕಳೇ ಬಾರದ ಶಾಲೆಯಲ್ಲಿ ಎಂಥ ಪಾಠ? ಮನೆಗೆ ಬಂದವಳೇ ಟ್ರಂಕು ಕೆಳಗಿಳಿಸಿ ಬಟ್ಟೆ ತುಂಬತೊಡಗಿದೆ. ಅಷ್ಟರಲ್ಲಿ ಹಸೀನಾ ಬಂದಳು. ಸಂಗತಿ ಹೇಳಿದೆ.

"ಇವತ್ತ ನೇಕಾರ ಓಣ್ಯಾಗ ನಳ ಬಂದಾವ್ರಿ ಅಕ್ಕಾರ. ಆ ಸಾಲಿ ಹುಡುಗ್ಯಾರು ಭಾಳ ಮಂದಿ ಅಲ್ಲಿಯವರ, ನೀರು ತುಂಬಾಕ ಮನ್ಯಾಗ ಉಳದಾರ. ನಮ್ಮ ಮಗಳು ಪರ್ವೀನ ಅದ ಸಾಲ್ಯಾಗ ಅದಾಳ. ನಾಳಿ ಆಕಿ ಜೋಡಿ ಹೋಗಿ ನೋಡ್ರಿ."

ಒಂದೊಂದು ಓಣಿಗೆ ಒಂದೊಂದು ದಿನ ನೀರೆಂಬುದು ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ಮಳೆ ಹೆಚ್ಚಾದರೆ ಶಾಲೆಗೆ ರಜೆ. ಇಲ್ಲಿ ನೀರು ಬಂದರೆ ಮಕ್ಕಳೇ ರಜೆ ಹಾಕುತ್ತಾರೆ.

ಹಸೀನಾ ಟ್ರಂಕಿನ ಕಡೆ ನೋಡಿದಳು. "ಖರೆ ಹೇಳ್ರಿ. ಸಾಲಿ ಚಲೋ ಐತಿ ಅಂತ ಗೊತ್ತಾದ್ರ ನಿಮಗ ಖುಷಿ ಆಗತೈತೇನು?"

ನನಗೆ ಸಿಟ್ಟು ಬಂತು. ಟ್ರಂಕಿನ ಮುಚ್ಚಳವನ್ನು ರಪ್ಪನೆ ಮುಚ್ಚಿದೆ.

ಮರುದಿನ ಸುಧಾಳನ್ನೂ ಕರೆದುಕೊಂಡು ಹೋದೆ. ಕಾಲಿಡಲು ಜಾಗವಿಲ್ಲದಷ್ಟು ಹುಡುಗಿಯರು. ಬಾಯಾರು, ಎಂದರೆ ಟೀಚರಮ್ಮ, "ಸರದು ಕುಂಡ್ರಿ" ಎಂದರು. ನಡುವೆ ಒಂದು ಸಂದಿಯಾಯಿತು. ಸುಧಾ ಅಲ್ಲಿ ಹೋಗಿ ಕುಳಿತವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಈಗ ಅವಳು ಆರನೆಯದರಲ್ಲಿದ್ದಾಳೆ. ಬೀದಿ ತುಂಬ ಗೆಳತಿಯರು. ನನ್ನ ರೊಟ್ಟಿಯೂ ಸುಮಾರಾಗಿ ದುಂಡಗಾಗುತ್ತದೆ. ಮೊನ್ನೆ ಯಜಮಾನರು ಕಚೇರಿಯಿಂದ ಬಂದು, ಕುಂದಾಪುರಕ್ಕೇ ವರ್ಗ ಸಿಗುವಂತಿದೆ, ಒಪ್ಪಿಕೊಳ್ಳಲೇ ಎಂದು ಕೇಳಿದರು. ಇದಕ್ಕಾಗಿ ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆನೋ. ಅಮ್ಮ ಅಲ್ಲಿ ದಾರಿ ಕಾಯುತ್ತಿದ್ದಾಳೆ.

"ಇವಳ ಏಳನೆಯದು ಮುಗಿಯಲಿ," ಎಂದೆ. "ಅಲ್ಲಿ ಒಳ್ಳೆಯ ಶಾಲೆ ಸಿಗಬೇಕಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ನೀನು ಓದಿದ ಶಾಲೆ ನಿಮ್ಮ ಮನೆ ಎದುರಿಗೇ ಇದೆಯಲ್ಲೇ?"

"ಇದೆ," ಎಂದೆ. ನಾಳೆ ನಮ್ಮ ಓಣಿಗೆ ನಳ ಬರುವ ದಿನವೆಂದು ಕೊಡ ತೊಳೆಯಲು ಎದ್ದೆ.