ಮುನಿಯಮ್ಮನಿಗಿಂತ ಒಂದು ಸುತ್ತು ಹೆಚ್ಚು

ಎರಡು ವರ್ಷದ ಹಿಂದೆ, ದಸರಾ ಕಳೆದ ಮೇಲೆ, ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ನನಗೆ ಅನ್ನನಾಳದ ದೊಡ್ಡ ಆಪರೇಷನ್ ಆಯಿತು. ಗಡ್ಡೆ ಇದ್ದ ಭಾಗ ತೆಗೆದು, ಹೊಟ್ಟೆಯನ್ನೇ ಮೇಲಕ್ಕೆಳೆದು ಎದೆಯೊಳಗೆ ಜೋಡಿಸಿದ್ದರು. ನಾನು ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ಸೀಟಿ ಊದಿ ಮಕ್ಕಳನ್ನು ಓಡಿಸುತ್ತಿದ್ದವನಿಗೆ ಈಗ ಮಂಚದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಏದುಸಿರು.

ಮನೆಗೆ ಬಂದ ಮೇಲೂ ವಾರಕ್ಕೆರಡು ದಿನ ವ್ಯಾಯಾಮಕ್ಕೆ ಸಹಕಾರನಗರದಿಂದ ಆಸ್ಪತ್ರೆಗೆ ಹೋಗಬೇಕಿತ್ತು. ಹೆಂಡತಿ ಸುಧಾ ಜೊತೆಗಿರುತ್ತಿದ್ದಳು. ಫಿಸಿಯೋಥೆರಪಿಯ ದಿವ್ಯಾ ಉಸಿರಾಟ ಹೇಳಿಕೊಟ್ಟು, ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ, ಎಷ್ಟು ಸುತ್ತಾಯಿತೆಂದು ಬರೆದುಕೊಳ್ಳುತ್ತಿದ್ದಳು. ಮುನಿಯಮ್ಮ ಸಿಕ್ಕಿದ್ದು ಅಲ್ಲೇ. ಜಕ್ಕೂರಿನ ಹಳೇ ಊರಿನವರು, ಸೊಪ್ಪು ಮಾರುತ್ತಿದ್ದವರು, ನನಗಿಂತ ನಾಲ್ಕು ವರ್ಷ ದೊಡ್ಡವರು. ನನಗಾದ ವಾರವೇ ಅವರಿಗೂ ಅದೇ ಆಪರೇಷನ್. ನಾನು ಒಂಬತ್ತು ಸುತ್ತು ಹಾಕಿದರೆ ಅವರು ಹನ್ನೆರಡು. ನಾನು ಹನ್ನೊಂದಕ್ಕೆ ಬರುವಷ್ಟರಲ್ಲಿ ಅವರು ಹದಿನಾಲ್ಕು.

"ಮುನಿಯಮ್ಮ ಸೂಪರ್!" ಎಂದು ದಿವ್ಯಾ ಚಪ್ಪಾಳೆ ತಟ್ಟಿದರೆ ನನಗೆ ಮೈಯೆಲ್ಲ ಉರಿ. "ಆಯಮ್ಮಂಗೆ ಕಮ್ಮಿ ಕುಯ್ದಿರ್ಬೇಕು ಕಣೇ," ಎಂದು ಮನೆಯಲ್ಲಿ ಗೊಣಗುತ್ತಿದ್ದೆ. ಒಂದು ದಿನ ಅವರು ಜ್ವರವೆಂದು ಬರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ.

ಎರಡನೇ ತಿಂಗಳ ಕೊನೆಗೆ, ಆರು ನಿಮಿಷದ ನಡಿಗೆಯನ್ನು ಅಳೆದು ಸರ್ಜನ್‌ಗೆ ತೋರಿಸುವ ದಿನ ಬಂತು. ಸಿಹಿ ಮುಟ್ಟಬೇಡಿ, ಒಂದೇ ಸಲ ಹೆಚ್ಚು ತಿನ್ನಬೇಡಿ, ಈ ಆಪರೇಷನ್ ಆದವರಿಗೆ ತಲೆ ಸುತ್ತುತ್ತದೆ ಎಂದು ನಮಗೆಲ್ಲ ಸಾರಿ ಸಾರಿ ಹೇಳಿದ್ದರು. ನಾನು ಮಾತ್ರ ಶಕ್ತಿ ಬರಲಿ ಎಂದು, ಸುಧಾ ಚೀಟಿ ಬರೆಸಲು ಹೋದಾಗ, ಕ್ಯಾಂಟೀನಿನಲ್ಲಿ ಎರಡು ಮೈಸೂರು ಪಾಕ್ ತಿಂದು ಒಂದು ಲೋಟ ಬಾದಾಮಿ ಹಾಲು ಕುಡಿದೆ. ಹೇಗಾದರೂ ಮುನಿಯಮ್ಮನಿಗಿಂತ ಒಂದು ಸುತ್ತು ಹೆಚ್ಚು ಹಾಕಲೇಬೇಕಿತ್ತು.

ದಿವ್ಯಾಗೆ ಅಂದು ಬಿಡುವಿರಲಿಲ್ಲ. "ಇಬ್ರನ್ನೂ ಒಟ್ಟಿಗೇ ಬಿಟ್ಬಿಡಮ್ಮ," ಎಂದೆ.

"ಸರಿ. ಆದ್ರೆ ಇದು ರೇಸ್ ಅಲ್ಲ ಸರ್."

ನನಗಂತೂ ರೇಸೇ. ಮೊದಲ ಐದು ಸುತ್ತು ನಾನೇ ಮುಂದೆ! ಆರನೆಯದಕ್ಕೆ ಎದೆ ಡವಡವ ಹೊಡೆದುಕೊಂಡಿತು, ಬೆವರು ಕಿತ್ತುಕೊಂಡು ಬಂತು, ಗೋಡೆಗಳು ಓಲಾಡಿದವು. ಮುಗ್ಗರಿಸಿ ಬೀಳುವಷ್ಟರಲ್ಲಿ ಹಿಂದಿನಿಂದ ಎರಡು ಕೈ ನನ್ನನ್ನು ಹಿಡಿದವು. ಮುನಿಯಮ್ಮ ತಮ್ಮ ನಡಿಗೆ ಬಿಟ್ಟು ಬಂದಿದ್ದರು. ಹೊಲಿಗೆಯ ನೋವಿಗೆ ಹಲ್ಲು ಕಚ್ಚಿಕೊಂಡೇ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು.

"ಸಿಹಿ ತಿಂದ್ರಾ ಮೇಷ್ಟ್ರೆ?" ಎಂದು ಕಿವಿಯಲ್ಲಿ ಕೇಳಿದರು.

ಹೌದೆಂದು ತಲೆಯಾಡಿಸಿದೆ.

"ನಂಗೂ ಇಂಗೇ ಆಗಿತ್ತು, ಮೊಮ್ಮಗಳ ಬರ್ತ್‌ಡೇ ಕೇಕ್ ತಿಂದು. ಎದ್ರುಕೋಬೇಡಿ, ಇಳೀತದೆ."

ದಿವ್ಯಾ ಓಡಿ ಬಂದು ನಾಡಿ ಹಿಡಿದಳು, ಬಿ.ಪಿ. ನೋಡಿದಳು. ಅರ್ಧ ಗಂಟೆಯಲ್ಲಿ ಎಲ್ಲ ತಹಬಂದಿಗೆ ಬಂತು. ಆದರೆ ಮುನಿಯಮ್ಮನ ಅಳತೆ ಕೆಟ್ಟಿತ್ತು. ನನಗೆ ತಡೆಯಲಾಗಲಿಲ್ಲ. "ನಿಮ್ಮನ್ನ ಹಿಂದೆ ಹಾಕ್ಬೇಕು ಅಂತಾನೇ ತಿಂದೆ ಕಣಮ್ಮ. ನಿಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚು ನಂಗೆ," ಎಂದುಬಿಟ್ಟೆ.

ಅವರು ನಕ್ಕರು. "ನಂಗಿಲ್ವಾ? ಅಮ್ಮಾವ್ರು ಶಾಲು, ಫ್ಲಾಸ್ಕು ಇಡ್ಕೊಂಡು ನಿಮ್ಮ ಇಂದೇನೇ ಬರ್ತಾರೆ. ನಾನು ಒಬ್ಳೇ ಎರಡು ಬಸ್ಸು ಅತ್ತಿ ಇಳ್ದು ಬರ್ತೀನಿ. ಆ ಉರಿಗೇ ಮೇಷ್ಟ್ರೆ, ನಾನು ಜೋರಾಗಿ ನಡೀತಿದ್ದಿದ್ದು. ಇಬ್ರ ಒಟ್ಟೇನೂ ಈಗ ಎದೇಲೈತಲ್ಲ, ಉರೀದೆ ಇರ್ತದಾ?"

ಹಿಂದೆ ನಿಂತಿದ್ದ ಸುಧಾ ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ಬಯ್ಯುವುದನ್ನು ಮನೆಗೆ ಉಳಿಸಿಕೊಂಡು, ಮೊದಲು ಮುನಿಯಮ್ಮನಿಗೆ ಲೋಟಕ್ಕೆ ಬಿಸಿನೀರು ಬಗ್ಗಿಸಿ ಕೊಟ್ಟಳು. ಮುಂದಿನ ಸಲದಿಂದ ನಮ್ಮ ಆಟೋ ಜಕ್ಕೂರಿನ ಕಡೆಯಿಂದ ಸುತ್ತಿಕೊಂಡು ಹೋಗತೊಡಗಿತು. ಮರು ಅಳತೆಯಲ್ಲಿ ಅವರು ಹದಿನಾರು ಸುತ್ತು, ನಾನು ಹನ್ನೆರಡು.

ಈಗಲೂ ವಾರಕ್ಕೆ ಮೂರು ದಿನ ಬೆಳಗ್ಗೆ ಜಕ್ಕೂರು ಕೆರೆಯ ದಂಡೆಯಲ್ಲಿ ಮೂವರೂ ನಡೆಯುತ್ತೇವೆ. ಹೆಂಗಸರಿಬ್ಬರೂ ಮಾತಾಡುತ್ತಾ ಮುಂದೆ, ನಾನು ಹಿಂದೆ. ನಿಜ ಹೇಳಬೇಕೆಂದರೆ ನನ್ನ ಉರಿ ಇನ್ನೂ ಆರಿಲ್ಲ. ಆದರೆ ಹಾಸಿಗೆ ಬಿಟ್ಟೇಳಲು ಮನಸ್ಸಾಗದ ದಿನಗಳಲ್ಲಿ, ಇವತ್ತಾದರೂ ಆಯಮ್ಮನನ್ನು ಹಿಂದೆ ಹಾಕಬೇಕು ಎನ್ನಿಸುತ್ತದೆ. ಎದ್ದು ಶೂ ಹಾಕಿಕೊಳ್ಳುತ್ತೇನೆ.